ರೋಮಿನಲ್ಲಿ ಅಜ್ಜಿಯ ಚಪ್ಪಲಿ

ಅಪ್ಪ, ಅಮ್ಮ, ಉಡುಪಿಯಿಂದ ನಮ್ಮಲ್ಲಿಗೆ ಬಂದಿದ್ದ ಅಜ್ಜಿ ಮತ್ತು ಎಂಟು ವರ್ಷದ ನಾನು, ಹೀಗೆ ರೋಮ್ ನೋಡಲು ಹೋದವರು ನಾಲ್ಕೇ ಜನ. ಹಿಮ ಬೀಳುವ ಮಿಸಿಸಾಗ ಊರಿನ ನಮ್ಮ ಮನೆಬಾಗಿಲಲ್ಲಿ ಒದ್ದೆ ಬೂಟುಗಳ ರಾಶಿ ಕಂಡರೆ ಈಗಲೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಗುಮ್ಮಟವಿದ್ದ ಹಳೇ ರೋಮನ್ ದೇವಸ್ಥಾನದ ಮುಂದೆ ಅಜ್ಜಿ ಚಪ್ಪಲಿ ಬಿಟ್ಟೇಬಿಟ್ಟರು. ಊದಿದ ಅವರ ಕಾಲಿಗೆ ಹಿಡಿಸುತ್ತಿದ್ದದ್ದು ಅದೊಂದೇ ಜೊತೆ.

"ಅಮ್ಮಾ, ಇಲ್ಲಿ ಯಾರೂ ಚಪ್ಪಲಿ ಬಿಡಲ್ಲ. ಕಳೆದುಹೋದ್ರೆ ನಮ್ಮ ಟ್ರಿಪ್ಪೇ ಮುಗೀತು!" ಅಪ್ಪ ಅಜ್ಜಿಯ ಮೇಲೆ ಸಿಡುಕಿದರು.

ಅಜ್ಜಿ ಕೇಳಬೇಕಲ್ಲ! "ದೇವಸ್ಥಾನ ಅಂತ ನೀನೇ ಹೇಳಿದ್ದಲ್ವಾ ಮಾರಾಯ? ಎರಡು ಸಾವಿರ ವರ್ಷ ಆಯ್ತು ಅಂತ ದೇವರು ಎದ್ದು ಹೋಗ್ತಾರಾ?"

ನಾನೂ ಶೂ ಬಿಚ್ಚಿ ಅಜ್ಜಿಯ ಕೈ ಹಿಡಿದೆ. ಒಳಗಿನ ಕಲ್ಲು ತಣ್ಣಗಿತ್ತು. ಗುಮ್ಮಟದ ತೂತಿನಿಂದ ಬಿಸಿಲು ಬಿದ್ದಲ್ಲಿ ಮಾತ್ರ ಒಲೆಯಿಂದ ಇಳಿಸಿಟ್ಟ ದೋಸೆ ಕಾವಲಿಯ ಹಾಗೆ ಬೆಚ್ಚಗೆ. ನಾವಿಬ್ಬರೂ ಅಲ್ಲೇ ನಿಂತು ಕಾಲು ಕಾಯಿಸಿಕೊಂಡೆವು. ಅಪ್ಪ ಬಾಗಿಲ ಕಡೆಗೇ ನೋಡುತ್ತಿದ್ದರು.

ಹೊರಗೆ ಬಂದರೆ ಅಜ್ಜಿಯ ಚಪ್ಪಲಿ, ನನ್ನ ಶೂ ಎರಡೂ ಇಟ್ಟಲ್ಲೇ ಇದ್ದವು. ಅವುಗಳ ಪಕ್ಕ ಯಾರ್ಯಾರದೋ ಆರು ಜೊತೆ ಶೂ ಸಾಲಾಗಿ ಕೂತಿದ್ದವು. ನಮ್ಮದನ್ನು ನೋಡಿದ ಬೇರೆ ಪ್ರವಾಸಿಗರು ಇಲ್ಲಿಯ ಪದ್ಧತಿಯೇ ಹೀಗೆ ಅಂದುಕೊಂಡಿರಬೇಕು. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕೇ ನಕ್ಕರು.

ಮರುದಿನ ಇನ್ನೊಂದು ಹಳೇ ಗುಡಿಯ ಮುಂದೆ ಎಲ್ಲರಿಗಿಂತ ಮೊದಲು ಶೂ ಬಿಚ್ಚಿದವರು ಅಪ್ಪ.