ಮುಖ್ಯ ಅತಿಥಿ ಬಸ್ಸಲ್ಲಿ ಬಂದರು

ಹರಿಹರಪುರ ದಾಟಿದ ಮೇಲೆ ಬಸ್ಸು ತಿರುವಿಗೊಮ್ಮೆ ವಾಲತೊಡಗಿತು. ಶಿವಶಂಕರಪ್ಪನವರ ಹೊಟ್ಟೆಯೂ ಅದರ ಜೊತೆಗೇ ವಾಲಿತು. ಸನ್ಮಾನ ಇಟ್ಟುಕೊಂಡ ಕಾಲೇಜಿನವರು ಶೃಂಗೇರಿಯ ಲಾಡ್ಜಿಗೇ ಕಾರು ಕಳಿಸುತ್ತೇವೆ ಎಂದಿದ್ದರು. "ಬೇಡ, ನಾನು ಓದುವಾಗ ಬಸ್ಸಲ್ಲೇ ಓಡಾಡಿದವನು, ಬಸ್ಸಲ್ಲೇ ಬರ್ತೀನಿ" ಎಂದು ಇವರು ಸರಳತೆ ಮೆರೆದಿದ್ದರು. ಆ ಸರಳತೆ ಈಗ ಗಂಟಲಿಗೆ ಬಂದು ಕೂತಿತ್ತು.

ಪಕ್ಕದಲ್ಲಿ, ಅಮ್ಮನಿಗೆ ಒರಗಿ ಕೂತಿದ್ದ ಆರೇಳು ವರ್ಷದ ಹುಡುಗಿ ಮಾತು ನಿಲ್ಲಿಸುವ ಹಾಗೆ ಕಾಣಲಿಲ್ಲ.

"ನಾವು ಕೊಪ್ಪದ ಬಾಳಗಡಿ ಕಾಲೇಜಿಗೆ ಹೋಗ್ತಿದೀವಿ. ಅಲ್ಲಿಗೆ ರೋಲರ್ ಕೋಸ್ಟರ್ ಮಾಡೋ ಅಜ್ಜ ಬರ್ತಾರೆ. ಅವರ ರೈಲು ತಲೆಕೆಳಗಾಗಿ ಓಡುತ್ತೆ, ಗೊತ್ತಾ ನಿಮಗೆ?"

"ಟಿವೀಲಿ ಆ ರೈಲು ನೋಡ್ದಾಗಿಂದ ಇದೇ ಕತೆ," ಎಂದು ಅವಳ ಅಮ್ಮ ಚೈತ್ರ ನಕ್ಕಳು. "ಅವರನ್ನ ನೋಡಕ್ಕೆ ಹೊಸ ಫ್ರಾಕೇ ಆಗ್ಬೇಕಂತೆ."

"ಆ ಅಜ್ಜ ನಾನೇ" ಎಂದು ಹೇಳಲು ಶಿವಶಂಕರಪ್ಪನವರು ಹಿಗ್ಗಿನಿಂದ ಬಾಯಿ ತೆರೆದರು. ಮಾತಿನ ಬದಲು ಬೆಳಗ್ಗೆ ತಿಂದ ಕಡುಬು ಹೊರಗೆ ಬಂತು. ಹೊಸ ಫ್ರಾಕಿನ ಮೇಲೆ ಬಿತ್ತು, ಸೀಟಿನ ಮೇಲೆ ಬಿತ್ತು, ಕೆಳಗೂ ಹರಿಯಿತು. ಕಂಡಕ್ಟರ್ ಪ್ರದೀಪ ಮೂಗು ಮುಚ್ಚಿಕೊಂಡು ಬರುವಷ್ಟರಲ್ಲಿ ಅವರು ಕರ್ಚೀಫಿನಿಂದ ಬಾಯಿ ಒರೆಸಿಕೊಂಡಾಗಿತ್ತು. ಪ್ರದೀಪನಿಗೆ ಕಂಡದ್ದು ಒದ್ದೆ ಫ್ರಾಕಿನ ಹುಡುಗಿ ಮಾತ್ರ.

"ಎಂತ ಮಾರಾಯ್ತಿ, ಕೂಸಿಗೆ ವಾಂತಿ ಬರುತ್ತೆ ಅಂದ್ರೆ ಒಂದು ಕವರ್ ಇಟ್ಕೊಳಕ್ಕಾಗಲ್ವ? ಈಗ ಇದನ್ನ ಯಾರು ಬಳಿಯೋದು?" ಎಂದು ಚೈತ್ರಳ ಮೇಲೆ ರೇಗಿದವನು ಶಿವಶಂಕರಪ್ಪನವರ ಕಡೆ ತಿರುಗಿ ದನಿ ತಗ್ಗಿಸಿದ. "ಪಾಪ, ನಿಮ್ಮ ಪ್ಯಾಂಟಿಗೂ ಹಾರಿದೆ ಸಾರ್."

ಚೈತ್ರ ಶಿವಶಂಕರಪ್ಪನವರ ಮುಖ ನೋಡಿದಳು. ಅವಳು ಎಲ್ಲವನ್ನೂ ಕಂಡಿದ್ದಳು; ಅವರೇ ಹೇಳಲಿ ಎಂದು ಕಾದಳು. ಒಂದು ಮಾತು ಸಾಕಿತ್ತು.

"ಇರಲಿ ಬಿಡಪ್ಪ," ಎಂದರು ಶಿವಶಂಕರಪ್ಪನವರು. "ಮಕ್ಕಳಲ್ವಾ."

ಹೀಗೆ, ತಪ್ಪೇ ಮಾಡದ ಮಗುವನ್ನು ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟರು.

"ಅಮ್ಮಾ, ನಾನಲ್ಲ..."

"ಸುಮ್ನಿರು ಪುಟ್ಟಿ," ಎಂದು ಚೈತ್ರ ಎದ್ದಳು. ಬಸ್ಸು ನಿಂತಿತು. ಅವಳು ರಸ್ತೆ ಬದಿಯ ಮಣ್ಣು ಬಾಚಿ ತಂದು ಸುರಿದಳು, ಯಾರೋ ಕೊಟ್ಟ ಹಳೇ ಪೇಪರಿನಿಂದ ಬಳಿದಳು. ಹೊತ್ತಾಯಿತು ಎಂದು ಹಿಂದಿನ ಸೀಟಿನವರು ಗೊಣಗಿದ್ದನ್ನೂ ಅವಳೇ ಕೇಳಿಸಿಕೊಂಡಳು. ಶಿವಶಂಕರಪ್ಪನವರು ಕಾಲು ಎತ್ತಿ ಜಾಗ ಮಾಡಿಕೊಟ್ಟರು. ಅಷ್ಟೇ ಅವರ ಕೈಲಾದದ್ದು.

ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೆ ಹೇಳುವುದು ಹೇಗೆ? ಈ ಕಡೆಯವರು ಯಾರೂ ಕನಸಲ್ಲೂ ಎಣಿಸದ ಕಾಲದಲ್ಲಿ ರೋಲರ್ ಕೋಸ್ಟರ್ ಕಟ್ಟಿದ ಮೊದಲಿಗ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆ ಮೊದಲಿಗ ಇವತ್ತಿನವರೆಗೆ ತಾನು ಕಟ್ಟಿದ ಯಾವ ಕೋಸ್ಟರನ್ನೂ ಹತ್ತಿರಲಿಲ್ಲ. ನರಸಿಂಹರಾಜಪುರದ ಮನೆಯಲ್ಲಿ ಉಯ್ಯಾಲೆ ಕಂಡರೇ ತಲೆ ಸುತ್ತುತ್ತಿದ್ದ ಹುಡುಗ ಅವರು. ಹೊಸ ಕೋಸ್ಟರನ್ನು ಓಡಿಸಿ ನೋಡಲು ಮೊದಲು ಮರಳಿನ ಮೂಟೆ ಕೂರಿಸುತ್ತಿದ್ದರು, ಆಮೇಲೆ ಕೈಕೆಳಗಿನ ಎಂಜಿನಿಯರುಗಳನ್ನು. ತಾವು ಕೆಳಗೆ ನಿಂತು ಫೋಟೋಕ್ಕೆ ನಗುತ್ತಿದ್ದರು. ಇದು ಗೊತ್ತಿದ್ದದ್ದು ಹೆಂಡತಿ ಪ್ರೇಮಕ್ಕನಿಗೆ ಮಾತ್ರ. ಬಸ್ಸಲ್ಲಿ ಬಾಯಿ ಬಿಟ್ಟರೆ ಅವರಿಗಿಂತ ಮೊದಲು ಸುದ್ದಿ ಕೊಪ್ಪದಲ್ಲಿ ಇಳಿಯುತ್ತಿತ್ತು.

ಕಾಲೇಜಿನ ಸಭಾಂಗಣ ತುಂಬಿತ್ತು. ಪ್ಯಾಂಟು ಬದಲಾಯಿಸಿ, ಶಾಲು ಹೊದ್ದು ವೇದಿಕೆಯಲ್ಲಿ ಕೂತವರಿಗೆ ಮುಂದಿನ ಸಾಲಿನಲ್ಲೇ ಅಮ್ಮ ಮಗಳು ಕಂಡರು. ನಲ್ಲಿಯಲ್ಲಿ ತೊಳೆದ ಫ್ರಾಕು ಹುಡುಗಿಯ ಮೈಗೆ ಅಂಟಿಕೊಂಡಿತ್ತು. ಅವಳು ಕಣ್ಣು ಮಿಟುಕಿಸದೆ ಇವರನ್ನೇ ನೋಡುತ್ತಿದ್ದಳು. ಶಿವಶಂಕರಪ್ಪನವರಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು.

ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು. "ಸಾರ್, ನೀವೇ ಮಾಡಿದ ಕೋಸ್ಟರಲ್ಲಿ ಮೊದಲ ಸಲ ಕೂತಾಗ ಹೆಂಗನ್ನಿಸ್ತು?"

ಹೇಳಿಬಿಡೋಣ, ಇದೇ ಸಮಯ, ಎಂದುಕೊಂಡು ಅವರು ಮೈಕಿನ ಮುಂದೆ ಬಂದರು. ಪ್ರಿನ್ಸಿಪಾಲರು ಹೆಮ್ಮೆಯಿಂದ ಮುಂದಕ್ಕೆ ಬಾಗಿದರು. ಅಷ್ಟು ಜನರ ಮುಖ ನೋಡುತ್ತಿದ್ದ ಹಾಗೆ ಧೈರ್ಯ ಜಾರಿಹೋಯಿತು.

"ಹಕ್ಕಿಯ ಹಾಗೆ ಹಾರಿದೆ ಅನ್ನಿಸಿತು," ಎಂದರು.

ಚಪ್ಪಾಳೆ ಬಿತ್ತು. ಚೈತ್ರಳೂ ತಟ್ಟಿದಳು. ಹುಡುಗಿ ತಟ್ಟಲಿಲ್ಲ.

ಸಭೆ ಮುಗಿದು, ಸೆಲ್ಫಿಗೆಂದು ಮುತ್ತಿದ್ದವರ ನಡುವೆ ತೂರಿಕೊಂಡು ಅವಳು ವೇದಿಕೆಯ ಮೇಲೇ ಬಂದುಬಿಟ್ಟಳು. ಏನು ಕೇಳಿದರೂ ಒಪ್ಪಿಕೊಳ್ಳಬೇಕು ಎಂದುಕೊಂಡರು ಶಿವಶಂಕರಪ್ಪನವರು. ಆದರೂ ಅವರ ಕೈ ತಾನಾಗಿ ಮೈಕಿನ ಸ್ವಿಚ್ಚು ಹುಡುಕಿ ಆರಿಸಿತು.

ಹುಡುಗಿ ಮುಷ್ಟಿ ಬಿಚ್ಚಿದಳು. ಒಂದು ನಿಂಬೆಹಣ್ಣು ಇತ್ತು.

"ವಾಪಸ್ ಹೋಗುವಾಗ ಇದನ್ನ ಮೂಸ್ತಾ ಹೋಗ್ಬೇಕಂತೆ. ಅಮ್ಮ ಕೊಡು ಅಂದ್ಲು."

ಅವರು ತಗೊಂಡರು. ಹುಡುಗಿ ಮೆಟ್ಟಿಲವರೆಗೆ ಹೋದವಳು ತಿರುಗಿ ಬಂದು, ಬೇರೆ ಯಾರಿಗೂ ಕೇಳಬಾರದೆಂದು ಅವರ ಶಾಲು ಹಿಡಿದು ಬಗ್ಗಿಸಿ, ಕಿವಿಯಲ್ಲಿ ಹೇಳಿದಳು.

"ಮತ್ತೆ, ಮಕ್ಕಳ ಪಕ್ಕ ಕೂತ್ಕೋಬೇಡಿ, ಅಜ್ಜ."