ಮಾವನ ಅಳತೆಯ ಕೋವಿ

ಗರಗಸ ಮರಕ್ಕೆ ತಾಗುವ ಮೊದಲೇ ಕಮಲಾವತಿ ಬಾಗಿಲಿಗೆ ಬಂದು ನಿಂತಳು.

"ಅದನ್ನು ಕೊಯ್ದರೆ ನಾಳೆಯಿಂದ ನಿಮ್ಮ ಅನ್ನ ನೀವೇ ಬೇಯಿಸಿಕೊಳ್ಳಿ."

ತೀರ್ಥರಾಮನ ಕೈ ನಿಂತಿತು. ಮುಂದೆ ಮೇಜಿನ ಮೇಲೆ ಅವನ ತೀರಿಹೋದ ಮಾವ, ಕಾಣಿಯೂರಿನ ಕುಶಾಲಪ್ಪ ಗೌಡರ ಬೇಟೆ ರೈಫಲ್ ಇತ್ತು. ಮಗಳು ಕಮಲಾವತಿ ಹತ್ತನೇ ಕ್ಲಾಸು ಮುಗಿಸಿದ ವರ್ಷ ಮಡಿಕೇರಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದು. ಆದರೆ ಇದೆಂಥ ಅಳತೆ! ಹಿಂಬದಿಯ ಮರ ಎಷ್ಟು ಗಿಡ್ಡವೆಂದರೆ, ಗುಂಡು ಹಾರಿದಾಗಲೆಲ್ಲ ತೀರ್ಥರಾಮನ ಹೆಬ್ಬೆರಳು ಅವನ ಮೂಗಿಗೇ ಗುದ್ದುತ್ತಿತ್ತು. ಕೆನ್ನೆ ಒರಗಿಸಲು ಕೆತ್ತಿದ ಉಬ್ಬೋ, ಬಲಬದಿಗೆ. ಅವನ ಕೆನ್ನೆ ಬರುವುದು ಎಡಬದಿಗೆ. ಆಚಾರಿ ಕುಡಿದು ಕೆತ್ತಿರಬೇಕು ಎಂದು ಅವನ ತೀರ್ಮಾನ. ಗಿಡ್ಡ ಮರದ ತುದಿ ಕೊಯ್ದು ಉದ್ದದ ತುಂಡು ಜೋಡಿಸಬೇಕು, ಉಬ್ಬು ಕೆತ್ತಿ ಬಿಸಾಡಬೇಕು.

"ಅಪ್ಪ ಅಳತೆ ನೋಡಿಯೇ ಮಾಡಿಸಿದ್ದು," ಎಂದಳು ಕಮಲಾವತಿ.

"ಯಾರ ಅಳತೆ ಅಂತ ನಂಗೆ ಗೊತ್ತಿಲ್ವಾ?"

"ಗೊತ್ತಿದ್ದಿದ್ರೆ ಗರಗಸ ಹಿಡೀತಿರ್ಲಿಲ್ಲ."

ಅವನ ಹೊಟ್ಟೆಯೊಳಗೆ ಕಿಚ್ಚೆದ್ದಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು, ಅದು ಅವನಿಗೂ ಗೊತ್ತು. ಆದರೆ ಮದುವೆಯಾದಾಗಿನಿಂದ ಹೋದಲ್ಲೆಲ್ಲ ಒಂದೇ ಮಾತು. ಕುಶಾಲಪ್ಪಣ್ಣನ ಅಳಿಯನಾ? ಒಂದೇ ಗುಂಡಿಗೆ ಹಂದಿ ಉರುಳಿಸುತ್ತಿದ್ದ ಮನುಷ್ಯ ಮಾರಾಯ್ರೆ! ಕತ್ತಲೆಗೆ ಗದ್ದೆಗೆ ಹೋದರೆ ಬೆಳಗ್ಗೆ ಹಂದಿ ಹೊತ್ತೇ ಬರುವುದು! ಕಮಲಾವತಿಯನ್ನು ಧಾರೆಯೆರೆದು ಕೊಟ್ಟ ಮೇಲೆ ಮಾವ ಬೇಟೆಯನ್ನೇ ಬಿಟ್ಟರಂತೆ. ಮಗಳಿಲ್ಲದ ಬೇಸರ ಎಂದು ಊರಿಗೆ ಊರೇ ಕಣ್ಣೊರೆಸಿಕೊಂಡಿತ್ತು.

ಇನ್ನು ಇವಳು. ಭಾನುವಾರ ಬಂತೆಂದರೆ ಕೋವಿಯನ್ನು ಮಡಿಲಲ್ಲಿಟ್ಟು ಎಣ್ಣೆ ಸವರಿ ಒರೆಸುತ್ತ ಕೂರುತ್ತಾಳೆ. ಗಂಡನ ತಲೆಗೆ ಒಂದು ದಿನವಾದರೂ ಹಾಗೆ ಎಣ್ಣೆ ಹಚ್ಚಿದ್ದುಂಟೋ? ಮಾವನ ಹಳೆಯ ಕೋಟು ತೀರ್ಥರಾಮನಿಗೆ ಹೊಲಿಸಿದಂತೆ ಕೂರುತ್ತದೆ, ತೋಳಿನ ಉದ್ದವೂ ಅಷ್ಟೇ. ಗುರಿ ಮಾತ್ರ ಬರಲೊಲ್ಲದು. ತಪ್ಪು ಮರದ್ದಲ್ಲದೆ ಮತ್ತೆ ಯಾರದ್ದು?

"ನಾಳೆ ಅಷ್ಟಮಿಗೆ ಗುರಿ ಹೊಡೆಯುವ ಆಟ ಉಂಟಲ್ಲ," ಎಂದಳು ಕಮಲಾವತಿ. "ತೆಂಗಿನಕಾಯಿಗೆ ಹೊಡೀರಿ. ತಾಗದಿದ್ರೆ ಬಂದು ಕೊಯ್ಯಿರಿ, ನಾನು ಎಂತದೂ ಹೇಳುದಿಲ್ಲ."

ಹೇಳಿ, ಎಡಗೈಯಲ್ಲಿ ಗರಗಸ ಕಿತ್ತುಕೊಂಡು ಒಳಗೆ ಹೋದಳು.

ಮರುದಿನ ಸುಳ್ಯದ ಆಚೆಯ ಗದ್ದೆಯಲ್ಲಿ ಯುವಕ ಮಂಡಲದವರು ದೂರದ ಕಂಬಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಒಬ್ಬೊಬ್ಬರಿಗೆ ಮೂರು ತೋಟೆ. ತೀರ್ಥರಾಮ ಉಸಿರು ಬಿಗಿಹಿಡಿದು ಮೊದಲನೆಯ ಗುಂಡು ಹಾರಿಸಿದ. ಕಾಯಿ ಅಲ್ಲಾಡಲಿಲ್ಲ, ಮೂಗು ಕೆಂಪಾಯಿತು. ಎರಡನೆಯದಕ್ಕೆ ಕಂಬದ ಹಿಂದಿನ ದರೆಯ ಮಣ್ಣು ಹಾರಿತು.

ಮೈಕು ಹಿಡಿದಿದ್ದ ದೇವದಾಸನಿಗೆ ಅಷ್ಟೇ ಸಾಕಾಯಿತು. "ಕೋವಿ ಕುಶಾಲಪ್ಪಣ್ಣಂದೇ ಮಾರಾಯ್ರೆ, ಆದ್ರೆ ಕೈ ಅವರದ್ದಲ್ಲ!"

ಗದ್ದೆಯಿಡೀ ನಕ್ಕಿತು. ತೀರ್ಥರಾಮನ ಮೈಯೆಲ್ಲ ಉರಿದುಹೋಯಿತು.

"ಈ ದರಿದ್ರ ಮರವನ್ನು ಇವತ್ತೇ ಕೊಯ್ದು ಒಲೆಗೆ ಹಾಕ್ತೇನೆ!" ಎಂದು ಕೋವಿಯನ್ನು ಬೆಂಚಿನ ಮೇಲೆ ಇಟ್ಟ.

ಹೆಂಗಸರ ನಡುವಿನಿಂದ ಕಮಲಾವತಿ ಎದ್ದು ಬಂದಳು. ಮುಖ ಬಿಳಿಚಿತ್ತು.

"ಒಂದು ತೋಟೆ ಬಾಕಿ ಉಂಟಲ್ಲ. ನಾನು ನೋಡ್ಲಾ?"

ಲೈಸನ್ಸಿನಲ್ಲಿ ಅವಳ ಹೆಸರೂ ಇತ್ತು, ಯಾರೂ ಬೇಡವೆನ್ನಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋವಿಯನ್ನು ಎಡ ಹೆಗಲಿಗೆ ಎತ್ತಿದಳು. ಗಿಡ್ಡ ಮರ ಅವಳ ಗಿಡ್ಡ ತೋಳಿನಲ್ಲಿ ಸರಿಯಾಗಿ ಕೂತಿತು. ಕೆನ್ನೆ ಬಲಬದಿಯ ಉಬ್ಬಿನ ಮೇಲೆ ಒರಗಿತು.

ಢಂ ಎಂದಿತು. ಕಂಬದಲ್ಲಿ ಬರೀ ಹಗ್ಗ ನೇತಾಡುತ್ತಿತ್ತು.

ದೇವದಾಸ ಮೈಕು ಕೆಳಗಿಳಿಸಿದ. ತೀರ್ಥರಾಮ ಎಲ್ಲವನ್ನೂ ಕಣ್ಣಾರೆ ಕಂಡಿದ್ದ. ಆದರೂ ಹೊಟ್ಟೆಕಿಚ್ಚು ಬಿಡಬೇಕಲ್ಲ.

"ಇದನ್ನೂ ಮಾವನೇ ಕಲಿಸಿದ್ದಾ?"

"ಅಪ್ಪನಾ?" ಕಮಲಾವತಿ ಕೋವಿಯ ಬಾಯಿ ಕೆಳಗೆ ಮಾಡಿದಳು. "ಪಾಪ, ಅವರಿಗೆ ಕೋವಿ ಶಬ್ದ ಕೇಳಿದ್ರೆ ಕೈಕಾಲು ನಡುಗ್ತಿತ್ತು. ಕೋವಿ ಹಿಡಿಯುವ ಹುಡುಗಿಯನ್ನು ಯಾರೂ ಮದುವೆ ಆಗ್ಲಿಕ್ಕಿಲ್ಲ ಅಂತ ಹೆದರಿ, ನಾನು ಹೊಡೆದ ಹಂದಿಯನ್ನು ಅವರು ಹೊತ್ತುಕೊಂಡು ಬರ್ತಿದ್ರು, ಅಷ್ಟೇ."