ಮಣಿಕಟ್ಟಿನ ಪಟ್ಟಿ

ಹನ್ನೊಂದು ಸೆಕೆಂಡು ಉಳಿದಿರುವಾಗ ತಂಗಿ ಓಡಿಬಂದು, ಎದುರಾಳಿ ತಂಡದಲ್ಲಿ ಆಡುತ್ತಿದ್ದ ಅಕ್ಕನ ಎಡತೋಳನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಸೀಟಿ ಕೂಗಿತು. ಬೇಕೆಂದೇ ಮಾಡಿದ ಫೌಲು. ಬಾಸ್ಕೆಟ್‌ಬಾಲ್ ಸೆಮಿಫೈನಲ್‌ನಲ್ಲಿ ಒಂದೇ ಪಾಯಿಂಟು ಹಿಂದಿದ್ದ ತಂಗಿಯ ತಂಡಕ್ಕೆ ಗಡಿಯಾರ ನಿಲ್ಲಿಸಲು ಬೇರೆ ದಾರಿ ಇರಲಿಲ್ಲ. ಈಗ ಅಕ್ಕನಿಗೆ ಗೆರೆಯ ಬಳಿ ನಿಂತು ತಡೆಯಿಲ್ಲದೆ ಎಸೆಯುವ ಎರಡು ಫ್ರೀ ಥ್ರೋ. ಅವು ತಪ್ಪಿದರೆ ಇವರಿಗಿನ್ನೂ ಉಸಿರಿದೆ.

"ಹೋಗಿ ಹೋಗಿ ಒಂಬತ್ತನೇ ನಂಬರ್‌ನ ಹಿಡಿದ್ರಲ್ರೇ! ತಲೆ ಕೆಟ್ಟಿದ್ಯಾ?" ಅಕ್ಕನ ಬೆಂಚಿನವರು ಬಿದ್ದು ಬಿದ್ದು ನಕ್ಕರು. ಒಂಬತ್ತು ಅಕ್ಕನ ನಂಬರು; ಇಡೀ ಟೂರ್ನಿಯಲ್ಲಿ ಅವಳ ಫ್ರೀ ಥ್ರೋ ಒಂದೂ ತಪ್ಪಿರಲಿಲ್ಲ. ತಂಗಿಯ ಕೋಚ್ ಮಾತ್ರ ತುಟಿ ಬಿಗಿಹಿಡಿದು ನಿಂತಿದ್ದರು. ಟೈಮ್‌ಔಟಿನಲ್ಲಿ ಅವರು "ಯಾರನ್ನ ಹಿಡಿಯೋಣ?" ಎಂದಾಗ ತಂಗಿಯೇ ಬಾಯಿಬಿಟ್ಟಿದ್ದಳು: "ನಮ್ಮಕ್ಕನ್ನ. ನಿನ್ನೆ ಬಲಗೈ ಉಳುಕಿದೆ. ಯಾರಿಗೂ ಹೇಳಿಲ್ಲ ಅವಳು."

ಅಕ್ಕ ನಗಲಿಲ್ಲ. ಉದ್ದತೋಳಿನ ಜೆರ್ಸಿಯ ಒಳಗೆ, ಬಲ ಮಣಿಕಟ್ಟಿಗೆ ಬೆಳಿಗ್ಗೆ ತಂಗಿಯೇ ಮಂಡಿಯೂರಿ ಕೂತು ಕಟ್ಟಿಕೊಟ್ಟ ಪಟ್ಟಿಯನ್ನು ಒಮ್ಮೆ ಮುಟ್ಟಿಕೊಂಡಳು. ಫೌಲಾದಾಗ ಚೆಂಡು ಇದ್ದದ್ದು ಆ ಬಲಗೈಯಲ್ಲಿ. ಫೌಲು ಮಾಡುವವರು ಯಾರೇ ಆದರೂ ಅಲ್ಲಿಗೇ ಕೈ ಹಾಕುತ್ತಿದ್ದರು. ತಂಗಿಯ ಬೆರಳುಗಳು ಇನ್ನೂ ಎಡತೋಳಿನ ಮೇಲೇ ಇದ್ದವು.

"ನೋವಾಗ್ಬಾರ್ದು ಅಂತ ಈ ಕಡೆ ಹಿಡಿದ್ಯಾ?"

ತಂಗಿ ಬೆಂಕಿ ಮುಟ್ಟಿದವಳಂತೆ ಕೈ ಬಿಟ್ಟಳು. ರೆಫರಿ ಚೆಂಡು ಹಿಡಿದು ಕಾಯುತ್ತಿದ್ದರು. ಗೆರೆಯ ಕಡೆ ಹೊರಟ ಅಕ್ಕ, ತಿರುಗಿ ನೋಡದೆಯೇ ಹೇಳಿದಳು:

"ನಾಳೆಯಿಂದ ಪಟ್ಟಿ ನಾನೇ ಕಟ್ಕೋತೀನಿ, ಬಿಡು."